ಹಳ್ಳಿ ಪಬ್ಬಿನ ಗೋಡೆ ಮೇಲಿನ ಲ್ಯಾಂಡ್‌ಲಾರ್ಡ್ ಪಟ್ಟಿ ಎಷ್ಟು ನಿಜ?

ಹಳೇಕಡತ

ಇಂಗ್ಲೆಂಡಿನ ಎಷ್ಟೋ ಹಳ್ಳಿ ಪಬ್‌ಗಳಲ್ಲಿ ಬಾರ್ ಪಕ್ಕದ ಗೋಡೆಗೆ ಒಂದು ಮರದ ಹಲಗೆ ತೂಗುಹಾಕಿರುತ್ತಾರೆ. ಎಡಗಡೆ ಇಸವಿ, ಬಲಗಡೆ ಲ್ಯಾಂಡ್‌ಲಾರ್ಡ್‌ಗಳ ಹೆಸರು, ಎಲ್ಲ ಹೊಂಬಣ್ಣದ ಅಕ್ಷರದಲ್ಲಿ. 1700ರ ಆಸುಪಾಸಿನಿಂದ ಈಗಿನವರ ತನಕ ಒಂದೂ ಕೊಂಡಿ ತಪ್ಪದ ಸರಪಳಿ. ಇಂಥ ಪಟ್ಟಿಯನ್ನು ದಾಖಲೆ ಹಿಡಿದು ತಾಳೆ ನೋಡಬೇಕಾದರೆ ಎಲ್ಲಿಂದ ಶುರು ಮಾಡಬೇಕು? ಸಾಮಾನ್ಯವಾಗಿ ಎಲ್ಲಿ ಎಡವುತ್ತೇವೆ? ಬಲ್ಲವರು ಬಿಡಿಸಿ ಬರೀರಿ, ಉದ್ದ ಆದರೂ ಪರವಾಗಿಲ್ಲ.

ದಫ್ತರಖಾನೆ

ಮೊದಲು ಪದದ ಗೊಂದಲ ಕಳೆದುಕೊಳ್ಳೋಣ. ನಮ್ಮಲ್ಲಿ ಲ್ಯಾಂಡ್‌ಲಾರ್ಡ್ ಅಂದರೆ ಮನೆ ಓನರ್. ಪಬ್ಬಿನ ಲ್ಯಾಂಡ್‌ಲಾರ್ಡ್ ಹೆಚ್ಚಿನ ಸಲ ಬಾಡಿಗೆದಾರ. ಕಟ್ಟಡ ಜಮೀನ್ದಾರನದೋ ಬ್ರೂವರಿಯದೋ ಆಗಿರುತ್ತೆ. ಲೈಸೆನ್ಸ್ ಇವನ ಹೆಸರಲ್ಲಿ, ದಿನದ ವ್ಯವಹಾರ ಇವನ ಕೈಯಲ್ಲಿ, ಅಷ್ಟೇ.

ಆದ್ದರಿಂದ ಮೂರು ಎಳೆಗಳನ್ನು ಬೇರೆ ಬೇರೆಯಾಗಿ ಹಿಡಿಯಬೇಕು: ಕಟ್ಟಡ, ಲೈಸೆನ್ಸ್, ಮನುಷ್ಯ. ಗೋಡೆ ಹಲಗೆ ಬರೆಸಿದವರು ಈ ಮೂರನ್ನೂ ಒಂದೇ ಹಗ್ಗ ಮಾಡಿ ಹೊಸೆದುಬಿಡುತ್ತಾರೆ. ಕಟ್ಟಡ 1620ರದ್ದು ಅಂದರೆ ಪಬ್ಬೂ 1620ರದ್ದು ಅಂತ ಬರೆದಾಯಿತು. ಆಗ ಅದು ರೈತನ ಮನೆಯೋ ಕಮ್ಮಾರಸಾಲೆಯೋ ಆಗಿದ್ದಿರಬಹುದು. ನಾಟಿಂಗ್‌ಹ್ಯಾಮಿನ ‘ಯೇ ಓಲ್ಡ್ ಟ್ರಿಪ್ ಟು ಜೆರುಸಲೇಮ್’ ಗೋಡೆಯ ಮೇಲೆ 1189 ಅಂತ ದಪ್ಪಕ್ಷರದಲ್ಲಿದೆ. ಈಗ ನಿಂತಿರುವ ಕಟ್ಟಡದ ಹಳೆಯ ಭಾಗ ಹದಿನೇಳನೇ ಶತಮಾನದ್ದು.

ಲೈಸೆನ್ಸಿನ ಎಳೆ ಹಿಡಿದು ಹೊರಟರೆ ಉಳಿದೆರಡು ತಾವಾಗಿ ಬರುತ್ತವೆ. ಶುರು 1552ರ ಕಾಯಿದೆಯಿಂದ. ಏಲ್ (ಒಂದು ಬಗೆಯ ಬಿಯರ್) ಮಾರುವವನು ಇಬ್ಬರು ಜಸ್ಟಿಸ್‌ಗಳ, ಅಂದರೆ ಸ್ಥಳೀಯ ಮ್ಯಾಜಿಸ್ಟ್ರೇಟರ ಎದುರು ಲೈಸೆನ್ಸ್ ಪಡೆಯಬೇಕು, ಜೂಜು ಗಲಾಟೆ ನಡೆಯಗೊಡುವುದಿಲ್ಲ ಅಂತ ಮುಚ್ಚಳಿಕೆ ಬರೆದುಕೊಡಬೇಕು, ಜಾಮೀನುದಾರರನ್ನು ನಿಲ್ಲಿಸಬೇಕು. ಆದರೆ ಸಂಶೋಧನೆಗೆ ನಿಜವಾದ ಸುಗ್ಗಿ 1753ರ ನಂತರ. ಕ್ಲರ್ಕ್ ಆಫ್ ದಿ ಪೀಸ್ ಅನ್ನುವ ಜಿಲ್ಲಾ ಗುಮಾಸ್ತ ಇವುಗಳ ರಿಜಿಸ್ಟರ್ ಇಡಲೇಬೇಕು ಅಂತಾಯಿತು. 1828ರ ತನಕ ಕೌಂಟಿ ದಫ್ತರಖಾನೆಗಳಲ್ಲಿ, ಕ್ವಾರ್ಟರ್ ಸೆಷನ್ಸ್ (ಮೂರು ತಿಂಗಳಿಗೊಮ್ಮೆ ಕೂರುವ ಕೋರ್ಟು) ಕಡತಗಳ ಜೊತೆ, ಹಳ್ಳಿವಾರು ವರ್ಷವಾರು ಪಟ್ಟಿ ಸಿಗುತ್ತೆ. ಒಂದು ಸಾಲು ಹೀಗಿರುತ್ತೆ: ಹಳ್ಳಿಯ ಹೆಸರು, ಲೈಸೆನ್ಸುದಾರ, ಜಾಮೀನುದಾರ, ಮುಚ್ಚಳಿಕೆಯ ಮೊತ್ತ. ಪಬ್ಬಿನ ಹೆಸರು? ಬಹಳಷ್ಟು ಕೌಂಟಿಗಳಲ್ಲಿ ಅದೊಂದನ್ನೇ ಬರೆದಿರುವುದಿಲ್ಲ!

ಹಳೇಕಡತ

ಹಾಗಾದರೆ ಒಂದೇ ಹಳ್ಳಿಯಲ್ಲಿ ಮೂರು ಪಬ್ ಇದ್ದರೆ ಯಾವ ಹೆಸರು ಯಾವುದಕ್ಕೆ ಅಂತ ಹೇಗೆ ಹೇಳೋದು?

ದಫ್ತರಖಾನೆ

ಸಾಲಿನ ಕ್ರಮ ನೋಡಿ. ಗುಮಾಸ್ತರು ಹಿಂದಿನ ವರ್ಷದ ಪಟ್ಟಿಯನ್ನೇ ಎದುರಿಗಿಟ್ಟುಕೊಂಡು ನಕಲು ಮಾಡುತ್ತಿದ್ದದ್ದು ಹೆಚ್ಚು. ಮೂರರಲ್ಲಿ ಒಂದು ಹೆಸರು ಬದಲಾಗಿ ಉಳಿದೆರಡು ಹಾಗೇ ಇದ್ದರೆ, ಹೊಸಬ ಬಂದದ್ದು ಹಳಬನ ಜಾಗಕ್ಕೆ ಅಂತ ಊಹಿಸಬಹುದು. ಊಹೆ ಅಷ್ಟೇ, ಪುರಾವೆ ಅಲ್ಲ. ಗಟ್ಟಿ ಮಾಡಿಕೊಳ್ಳಲು ಎರಡು ಆಸರೆ: ಜಮೀನ್ದಾರನ ಬಾಡಿಗೆ ಪುಸ್ತಕ, ಇಲ್ಲವೇ 1836ರ ಕಾಯಿದೆ ಪ್ರಕಾರ ಮಾಡಿಸಿದ ಟೈದ್ (ಚರ್ಚಿಗೆ ಸಲ್ಲುತ್ತಿದ್ದ ದಶಾಂಶ ತೆರಿಗೆ) ನಕ್ಷೆ. ನಕ್ಷೆಯಲ್ಲಿ ಪ್ರತಿ ಜಾಗಕ್ಕೂ ನಂಬರ್, ಜೊತೆಯ ಪಟ್ಟಿಯಲ್ಲಿ ಆ ನಂಬರಿಗೆ ಮಾಲೀಕ ಯಾರು, ಅನುಭೋಗದಲ್ಲಿರುವವನು ಯಾರು ಅಂತ ಎರಡು ಕಾಲಂ. ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಇವುಗಳ ಕಡತ ಸಂಖ್ಯೆ: ಪಟ್ಟಿಗೆ ಐಆರ್ 29, ನಕ್ಷೆಗೆ ಐಆರ್ 30. ಒಂದು ಪಬ್ ಅದರಲ್ಲಿ ಜಾಗಸಮೇತ ಸಿಕ್ಕಿತೆಂದರೆ ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಕೈ ಚಾಚಬಹುದು.

ಯಾರ್ಕ್‌ಶೈರಿನ ಹಳ್ಳಿಯಾದರೆ ನಿಮ್ಮ ಪುಣ್ಯ. ವೆಸ್ಟ್ ರೈಡಿಂಗ್ ಭಾಗಕ್ಕೆ 1704ರಿಂದಲೇ ವೇಕ್‌ಫೀಲ್ಡ್‌ನಲ್ಲಿ ಕ್ರಯಪತ್ರ ನೋಂದಣಿ ಕಚೇರಿ ಇತ್ತು. ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನ ಹಾಗೆ ಅಂದುಕೊಳ್ಳಿ. ಉಳಿದ ಬಹುತೇಕ ಕೌಂಟಿಗಳಿಗೆ ಆ ಭಾಗ್ಯ ಇಲ್ಲ.

ಶಾಸನಪ್ರಿಯ

1828 ದಾಟಿದ ಕೂಡಲೇ ದಾರಿ ಕಡಿಯುತ್ತೆ. ರಿಜಿಸ್ಟರ್ ಇಡುವ ಕಡ್ಡಾಯ ಹೋಯಿತು, ಅದು ವಾಪಸು ಬಂದದ್ದು 1872ರ ಕಾಯಿದೆಯಲ್ಲಿ. ನಡುವಿನ ನಲವತ್ತು ಚಿಲ್ಲರೆ ವರ್ಷದಲ್ಲೇ ಇಂಗ್ಲೆಂಡಿನ ಹಳ್ಳಿಗಳಲ್ಲಿ ಅತಿ ಹೆಚ್ಚು ಹೊಸ ಪಬ್‌ಗಳು ಹುಟ್ಟಿದ್ದು.

ಕಾರಣ 1830ರ ಬಿಯರ್‌ಹೌಸ್ ಕಾಯಿದೆ. ತೆರಿಗೆ ಕಟ್ಟುವ ಯಾವ ಮನೆಯವನಾದರೂ ಅಬಕಾರಿ ಇಲಾಖೆಗೆ ಎರಡು ಗಿನಿ ಕಟ್ಟಿ ತನ್ನ ಮನೆಯಲ್ಲೇ ಬಿಯರ್ ಮಾರಬಹುದು. ಜಸ್ಟಿಸ್‌ಗಳ ಅಪ್ಪಣೆ ಬೇಡ. ಜಿನ್, ಬ್ರಾಂದಿ ಮಾತ್ರ ಮಾರಕೂಡದು. ಜನ ಜಿನ್ ಬಿಟ್ಟು ಬಿಯರಿಗೆ ತಿರುಗಲಿ, ದೊಡ್ಡ ಬ್ರೂವರಿಗಳ ಹಿಡಿತ ಸಡಿಲವಾಗಲಿ ಅನ್ನೋದು ಲೆಕ್ಕಾಚಾರ. ಕೆಲವೇ ವರ್ಷದಲ್ಲಿ ಹತ್ತಾರು ಸಾವಿರ ಬಿಯರ್‌ಹೌಸ್‌ಗಳಾದವು. ಕಮ್ಮಾರ, ಚಕ್ರ ಮಾಡುವ ಬಡಗಿ, ಕಟುಕ, ಎಲ್ಲರೂ ಮುಂದಿನ ಕೋಣೆಯಲ್ಲಿ ಎರಡು ಬೆಂಚು ಹಾಕಿದರು.

ಈ ಲೈಸೆನ್ಸುಗಳ ಅಬಕಾರಿ ದಾಖಲೆ ಬಹುಮಟ್ಟಿಗೆ ಉಳಿದಿಲ್ಲ. ಊರೂರಿನ ವ್ಯಾಪಾರಿಗಳ ಹೆಸರು ಅಚ್ಚು ಹಾಕುತ್ತಿದ್ದ ಡೈರೆಕ್ಟರಿಗಳಲ್ಲಿ ‘ಬಿಯರ್ ರಿಟೇಲರ್’ ಅಂತ ಹೆಸರು ಮಾತ್ರ ಇರುತ್ತೆ, ಮನೆಗೆ ಹೆಸರಿಲ್ಲ. 1869ರಲ್ಲಿ ಬಿಯರ್‌ಹೌಸ್‌ಗಳೂ ಮ್ಯಾಜಿಸ್ಟ್ರೇಟರ ಕೈಕೆಳಗೆ ಬಂದವು. ಆ ವರ್ಷದ ಮೇ 1ಕ್ಕೆ ಮುಂಚಿನಿಂದ ನಡೆಯುತ್ತಿದ್ದವಕ್ಕೆ ವಿಶೇಷ ರಕ್ಷಣೆ: ನಾಲ್ಕೇ ನಾಲ್ಕು ಕಾರಣಕ್ಕೆ ಹೊರತು ನವೀಕರಣ ನಿರಾಕರಿಸುವಂತಿಲ್ಲ. ಹಾಗಾಗಿ 1872ರ ನಂತರದ ರಿಜಿಸ್ಟರಿನಲ್ಲಿ ‘1869ಕ್ಕೆ ಮೊದಲಿನದು’ ಅನ್ನುವ ಷರಾ ಕಂಡರೆ ಅದನ್ನು ದಾಟಿ ಹೋಗಬೇಡಿ. ಆ ಪಬ್ ಹುಟ್ಟಿದ್ದು 1830 ಮತ್ತು 1869ರ ನಡುವೆ ಅಂತ ಹೆಚ್ಚುಕಡಿಮೆ ಸಾಬೀತಾದ ಹಾಗೆ. ಗೋಡೆ ಹಲಗೆಯಲ್ಲಿ 1740 ಅಂತಿದ್ದರೆ ಆಗ ಕೇಳಬೇಕಾದ ಪ್ರಶ್ನೆ ಇದೆ.

ಗಂಜಾಂಪೇಟೆ

ಇದಕ್ಕೊಂದು ಬಾಲ ಸೇರಿಸ್ತೀನಿ. ಆ ಕಾಯಿದೆ ಬಂದಾಗ ಪ್ರಧಾನಿ ಯಾರು ಗೊತ್ತಲ್ಲ, ಡ್ಯೂಕ್ ಆಫ್ ವೆಲ್ಲಿಂಗ್ಟನ್. 1799ರಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿ ಠಾಣ್ಯ ಹೂಡಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಈತ. ಇಂಗ್ಲೆಂಡಿನ ತುಂಬ ‘ಡ್ಯೂಕ್ ಆಫ್ ವೆಲ್ಲಿಂಗ್ಟನ್’ ಪಬ್‌ಗಳಿವೆ. ‘ಮಾರ್ಕ್ವಿಸ್ ಕಾರ್ನ್‌ವಾಲಿಸ್’ ಅನ್ನುವವೂ ಇವೆ. ಟಿಪ್ಪುವಿನ ಮಕ್ಕಳನ್ನು ಒತ್ತೆ ಇಟ್ಟುಕೊಂಡ 1792ರ ಯುದ್ಧಕ್ಕೆ ಅವನಿಗೆ ಸಿಕ್ಕ ಬಿರುದು ಅದು.

ಇದು ಬರೀ ಕುತೂಹಲದ ಮಾತಲ್ಲ, ಕಾಲ ಗೊತ್ತು ಮಾಡಲು ಉಪಯೋಗಕ್ಕೆ ಬರುತ್ತೆ. 1792ಕ್ಕೆ ಮುಂಚೆ ಯಾವ ಪಬ್ಬಿಗೂ ‘ಮಾರ್ಕ್ವಿಸ್ ಕಾರ್ನ್‌ವಾಲಿಸ್’ ಅನ್ನುವ ಹೆಸರು ಇರಲಾರದು. ವೆಲ್ಲೆಸ್ಲಿ ಡ್ಯೂಕ್ ಆದದ್ದು 1814ರಲ್ಲಿ. ‘ರಾಯಲ್ ಓಕ್’ ಅಂದರೆ ಎರಡನೇ ಚಾರ್ಲ್ಸ್ 1651ರಲ್ಲಿ ಓಕ್ ಮರದಲ್ಲಿ ಅವಿತದ್ದರ ನೆನಪು, ಅಂಥ ಬೋರ್ಡ್ ಹಾಕಲು ಧೈರ್ಯ ಬಂದದ್ದು 1660ರಲ್ಲಿ ಅವನು ಪಟ್ಟಕ್ಕೆ ಬಂದ ಮೇಲೆ. ‘ಮಾರ್ಕ್ವಿಸ್ ಆಫ್ ಗ್ರ್ಯಾನ್‌ಬಿ’ ಬೋರ್ಡಿನಲ್ಲಿ ಬೋಳು ತಲೆ ಯಾಕೆ ಅಂದರೆ, 1760ರ ವಾರ್ಬರ್ಗ್ ಕಾಳಗದಲ್ಲಿ ಕುದುರೆ ಓಡಿಸುವಾಗ ಆ ಸೇನಾನಿಯ ಟೋಪನ್ (ವಿಗ್) ಹಾರಿಹೋಯಿತು. ಹಲಗೆಯಲ್ಲಿ ಗ್ರ್ಯಾನ್‌ಬಿ ಪಬ್ಬಿಗೆ 1720ರ ಲ್ಯಾಂಡ್‌ಲಾರ್ಡ್ ಇದ್ದರೆ ಎರಡರಲ್ಲಿ ಒಂದು: ಆಗ ಬೇರೆ ಹೆಸರಿತ್ತು, ಅಥವಾ ಅದು ಬೇರೆ ಪಬ್ಬೇ.

ಶಾಸನಪ್ರಿಯ

ಎರಡನೇ ಸಾಧ್ಯತೆಯನ್ನೇ ಮೊದಲು ಪರೀಕ್ಷಿಸಿ. ಲೈಸೆನ್ಸನ್ನು ಹಳೇ ಕಟ್ಟಡದಿಂದ ಎದುರಿನ ಹೊಸ ಕಟ್ಟಡಕ್ಕೆ, ಬೋರ್ಡೂ ಹೆಸರೂ ಸಮೇತ, ಒಯ್ದ ಉದಾಹರಣೆಗಳು ಬೇಕಾದಷ್ಟಿವೆ.

ಕಾನೇಷುಮಾರಿ

ಮನುಷ್ಯರ ಎಳೆಗೆ ಬರೋಣ. ಇಲ್ಲಿ ಆಗುವ ತಪ್ಪುಗಳೇ ಹೆಚ್ಚು.

1841ರ ಜನಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆದಿದ್ದಾರೆ. 59 ವರ್ಷದವನು 55 ಆಗಿರುತ್ತಾನೆ. ಅದನ್ನೇ ನಂಬಿ ದೀಕ್ಷಾಸ್ನಾನದ ರಿಜಿಸ್ಟರ್ ಹುಡುಕಿದರೆ ತಪ್ಪು ಮನುಷ್ಯ ಸಿಗುತ್ತಾನೆ. ಮನೆಯವರ ಸಂಬಂಧ, ಹುಟ್ಟಿದ ಊರು ಸಿಗುವುದು 1851ರಿಂದ.

ಕಸುಬಿನ ಕಾಲಂ ಇನ್ನೊಂದು ಬಲೆ. ಹಳ್ಳಿಯಲ್ಲಿ ಬಿಯರ್ ಮಾರಿ ಮಾತ್ರ ಬದುಕಿದವರು ಕಡಿಮೆ. ಒಬ್ಬನೇ ಮನುಷ್ಯ ಜನಗಣತಿಯಲ್ಲಿ ‘ಚಕ್ರದ ಬಡಗಿ’, ಡೈರೆಕ್ಟರಿಯಲ್ಲಿ ‘ವಿಟ್ಲರ್’ (ಪಬ್ ನಡೆಸುವವ), ಮಗುವಿನ ದೀಕ್ಷಾಸ್ನಾನದಲ್ಲಿ ‘ರೈತ’ ಆಗಿರುತ್ತಾನೆ. ಮೂವರು ಅಂದುಕೊಂಡು ಪಟ್ಟಿಗೆ ಮೂರು ಹೆಸರು ಸೇರಿಸಿದವರಿದ್ದಾರೆ.

ಡೈರೆಕ್ಟರಿ ಅಂದರೆ ಪಿಗಟ್, ವೈಟ್, ಆಮೇಲೆ ಕೆಲ್ಲಿ. ಮುಖಪುಟದ ಇಸವಿ ಅಚ್ಚಾದ ವರ್ಷ, ಮಾಹಿತಿ ಸಂಗ್ರಹಿಸಿದ್ದು ಅದಕ್ಕೂ ಮೊದಲು. ಕೆಲವು ಸಲ ಹಿಂದಿನ ಆವೃತ್ತಿಯ ಹೆಸರೇ ಉಳಿದಿರುತ್ತೆ, ಸತ್ತವರೂ ಎರಡು ವರ್ಷ ಬಿಯರ್ ಮಾರುತ್ತಿರುತ್ತಾರೆ. ಆದ್ದರಿಂದ ಹಲಗೆಯಲ್ಲಿ ‘1867–1871’ ಅಂತ ಖಚಿತವಾಗಿ ಬರೆಯಬೇಡಿ. ‘1867ರಲ್ಲಿ ಇದ್ದ, 1871ರಲ್ಲಿ ಇದ್ದ’ ಅಂತ ಬರೆದರೆ ಸುಳ್ಳಾಗುವುದಿಲ್ಲ.

ಇಪ್ಪತ್ತನೇ ಶತಮಾನಕ್ಕೆ: 1921ರ ಜನಗಣತಿ 2022ರಿಂದ ನೋಡಲು ಸಿಗುತ್ತಿದೆ. 1931ರದ್ದು 1942ರ ಬೆಂಕಿಯಲ್ಲಿ ಸುಟ್ಟುಹೋಯಿತು. 1941ರಲ್ಲಿ ಯುದ್ಧ, ಗಣತಿಯೇ ಇಲ್ಲ. 1951ರದ್ದಕ್ಕೆ ನೂರು ವರ್ಷದ ಬೀಗ. ನಡುವೆ ಕೈ ಹಿಡಿಯುವುದು 1939ರ ಸೆಪ್ಟೆಂಬರ್ 29ರ ರಾಷ್ಟ್ರೀಯ ರಿಜಿಸ್ಟರ್ ಒಂದೇ.

ಮಾಳಿಗೆಮನೆ

ಹೆಂಗಸರ ವಿಷಯ ಯಾರೂ ಎತ್ತಲಿಲ್ಲವಲ್ಲ. ಗೋಡೆ ಹಲಗೆಗಳಲ್ಲಿ ಗಂಡಸರ ಹೆಸರೇ ತುಂಬಿರುವುದಕ್ಕೆ ಕಾರಣ ಕಾನೂನು. ಮದುವೆಯಾದ ಹೆಂಗಸಿಗೆ ತನ್ನ ಹೆಸರಲ್ಲಿ ಕರಾರು ಮಾಡುವ ಹಕ್ಕಿರಲಿಲ್ಲ, ಹಾಗಾಗಿ ಲೈಸೆನ್ಸ್ ಗಂಡನ ಹೆಸರಲ್ಲಿ. ಗಂಡ ಹಗಲೆಲ್ಲ ಕುಲುಮೆಯಲ್ಲೋ ಹೊಲದಲ್ಲೋ ಇದ್ದರೆ ಗಿರಾಕಿಗೆ ಬಿಯರ್ ಕೊಟ್ಟು ಲೆಕ್ಕ ಬರೆದವಳು ಹೆಂಡತಿ. ಗಂಡ ತೀರಿಕೊಂಡಾಗ ಮಾತ್ರ ವಿಧವೆಯ ಹೆಸರು ರಿಜಿಸ್ಟರಿನಲ್ಲಿ ತಟ್ಟನೆ ಕಾಣುತ್ತೆ, ಇಪ್ಪತ್ತು ವರ್ಷ ಅನುಭವ ಇದ್ದವಳು ‘ಹೊಸ’ ಲ್ಯಾಂಡ್‌ಲೇಡಿ ಆಗುತ್ತಾಳೆ. ಆಕೆ ಮರುಮದುವೆಯಾದರೆ ಹೊಸ ಗಂಡನ ಹೆಸರು ಬರುತ್ತೆ. ಹಲಗೆ ಓದಿದವರಿಗೆ ಮೂರು ಬೇರೆ ಕುಟುಂಬ ಅನ್ನಿಸುತ್ತೆ. ವಾಸ್ತವದಲ್ಲಿ ಒಬ್ಬಳೇ ಹೆಂಗಸು. ಮದುವೆ ರಿಜಿಸ್ಟರ್ ನೋಡದೆ ‘ಕೈ ಬದಲಾಯಿತು’ ಅಂತ ಬರೆಯಬೇಡಿ.

ಇನ್ನೂ ಹಿಂದಕ್ಕೆ, ಮೇನರ್ ಕೋರ್ಟಿನ (ಜಮೀನ್ದಾರನ ನ್ಯಾಯಸಭೆಯ) ಸುರುಳಿಗಳಲ್ಲಂತೂ ಏಲ್ ಕುದಿಸಿದ್ದಕ್ಕೆ ದಂಡ ಕಟ್ಟಿದವರಲ್ಲಿ ಹೆಂಗಸರೇ ಸಾಲು ಸಾಲು. ಹದಿಮೂರನೇ ಶತಮಾನದ ‘ಅಸೈಜ್ ಆಫ್ ಬ್ರೆಡ್ ಅಂಡ್ ಏಲ್’ ಪ್ರಕಾರ ಅಳತೆ, ಬೆಲೆ ತಪ್ಪಿದರೆ ದಂಡ. ಕ್ರಮೇಣ ಕುದಿಸಿದವರೆಲ್ಲ ಕಟ್ಟುವ ಕಂದಾಯದಂತೆ ಅದು ನಡೆಯಿತು. ಆದರೆ ಅವರಲ್ಲಿ ಹೆಚ್ಚಿನವರು ಪಬ್ ನಡೆಸಿದವರಲ್ಲ. ಮನೆಗೆ ಅಂತ ಕುದಿಸಿ ಮಿಕ್ಕಿದ್ದನ್ನು ಮಾರಿದವರು. ಅವರನ್ನು ಪಟ್ಟಿಯ ತಲೆಗೆ ಏರಿಸುವುದು ಅತಿಯಾಸೆ.

ಪೀಪಾಯಿ

ಲ್ಯಾಂಡ್‌ಲಾರ್ಡ್‌ಗಳು ಯಾಕೆ ಅಷ್ಟು ಬೇಗ ಬದಲಾಗುತ್ತಿದ್ದರು ಅಂತ ಅರ್ಥವಾಗಬೇಕಾದರೆ ನೆಲಮಾಳಿಗೆಗೆ ಇಳಿಯಬೇಕು. ಪೀಪಾಯಿ ಬಿಯರ್ ಜೀವಂತ ಸರಕು, ಹಾಲಿನ ಹಾಗೆ ಕೆಡುತ್ತೆ.

ಅಳತೆ: ಪಿನ್ ನಾಲ್ಕೂವರೆ ಗ್ಯಾಲನ್, ಫರ್ಕಿನ್ 9, ಕಿಲ್ಡರ್‌ಕಿನ್ 18, ಬ್ಯಾರೆಲ್ 36, ಹಾಗ್ಸ್‌ಹೆಡ್ 54. ಒಂದು ಫರ್ಕಿನ್ ಅಂದರೆ 72 ಪಿಂಟ್, ಸುಮಾರು 41 ಲೀಟರ್. ತಳದಲ್ಲಿ ಗಷ್ಟು ಇರುವುದರಿಂದ ಅಷ್ಟೂ ಮಾರಾಟಕ್ಕೆ ಬರುವುದಿಲ್ಲ.

ಪೀಪಾಯಿಯನ್ನು ಅಟ್ಟಣೆ ಮೇಲೆ ಮಲಗಿಸಿ ಎರಡೂ ಪಕ್ಕ ಬೆಣೆ ಕೊಡಬೇಕು, ಅಲುಗಾಡಬಾರದು. ಮೇಲಿನ ಬಿರಡೆಯ ನಡುವೆ ತೂತು ಮಾಡಿ ಮೆತ್ತನೆಯ ಮರದ ಮೊಳೆ ಹೊಡೆಯುತ್ತಾರೆ. ಗಾಳಿಯಾಡುವ ಆ ಮೊಳೆಯಿಂದ ಹೆಚ್ಚಿನ ಗ್ಯಾಸ್ ನೊರೆಯಾಗಿ ಉಕ್ಕಿ ಬರುತ್ತೆ. ನೊರೆ ಒರೆಸಿ, ಕಟ್ಟಿಕೊಂಡ ಮೊಳೆ ಬದಲಾಯಿಸುತ್ತಾ ಇರಬೇಕು. ಉಕ್ಕು ನಿಂತ ಕೂಡಲೇ ಗಟ್ಟಿ ಮೊಳೆ ಹೊಡೆದು ಮುಚ್ಚಬೇಕು. ತಡಮಾಡಿದರೆ ಬಿಯರ್ ಸಪ್ಪೆ, ಆತುರಪಟ್ಟರೆ ಲೋಟದ ತುಂಬ ನೊರೆ. ಮುಂಭಾಗದ ಬಿರಡೆಗೆ ನಲ್ಲಿಯನ್ನು ಕೊಡತಿಯ ಒಂದೇ ಬಲವಾದ ಏಟಿಗೆ ಕೂರಿಸಬೇಕು. ಅಳುಕಿ ಎರಡು ಮೂರು ಸಲ ಕುಟ್ಟಿದರೆ ತಳದ ಗಷ್ಟು ಎದ್ದು ಇಡೀ ದಿನ ಹಾಳು. ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಅನ್ನುವ ಅಂಟು ಗಷ್ಟನ್ನು ಕೆಳಗೆ ಎಳೆಯುತ್ತೆ, ಬಿಯರ್ ತಿಳಿಯಾಗಲು ಒಂದು ದಿನ ಬಿಡಬೇಕು. ಮಾಳಿಗೆ 11ರಿಂದ 13 ಡಿಗ್ರಿ ಸೆಲ್ಸಿಯಸ್ ಇರಬೇಕು. ಹೆಚ್ಚಾದರೆ ಹುಳಿ, ತೀರಾ ತಣ್ಣಗಾದರೆ ಮಬ್ಬು.

ನಲ್ಲಿ ತಿರುಗಿಸಿದ ಮೇಲೆ ತೆಗೆದಷ್ಟೂ ಗಾಳಿ ಒಳಗೆ ಹೋಗುತ್ತೆ. ಮೂರು ದಿನದಲ್ಲಿ ಪೀಪಾಯಿ ಖಾಲಿಯಾಗಬೇಕು. ಅರ್ಧ ದಾಟಿದಾಗ ಹಿಂಭಾಗವನ್ನು ನಿಧಾನಕ್ಕೆ ಎತ್ತಿ ವಾಲಿಸಬೇಕು, ಅದೂ ಗಿರಾಕಿ ಇಲ್ಲದ ಹೊತ್ತಲ್ಲಿ.

ಈಗ ನೂರೈವತ್ತು ಜನರ ಹಳ್ಳಿಯಲ್ಲಿ ಎರಡು ಪಬ್ ಇದ್ದು, ಬ್ರೂವರಿಯವರು ದೊಡ್ಡ ಪೀಪಾಯಿಗಳನ್ನೇ ಇಳಿಸಿಹೋದರೆ ಏನಾಗುತ್ತೆ ಲೆಕ್ಕ ಹಾಕಿ. ಕಾಲುಭಾಗ ಚರಂಡಿಗೆ. ಬಿಯರ್ ಹುಳಿ ಅಂತ ಗಿರಾಕಿ ಆಚೆ ಪಬ್ಬಿಗೆ. ಬಾಡಿಗೆ ಮಾತ್ರ ಮೂರು ತಿಂಗಳಿಗೊಮ್ಮೆ ತಪ್ಪದು.

ಶಾಸನಪ್ರಿಯ

ಪೀಪಾಯಿಯವರು ಹೇಳಿದ್ದಕ್ಕೆ ದಾಖಲೆಯೂ ಇದೆ. 1904ರ ಕಾಯಿದೆಯಲ್ಲಿ ‘ಹೆಚ್ಚುವರಿ’ ಪಬ್‌ಗಳನ್ನು ಪರಿಹಾರ ಕೊಟ್ಟು ಮುಚ್ಚಿಸಿದರು, ಆ ಹಣ ಬಂದದ್ದು ಉಳಿದ ಪಬ್‌ಗಳ ಮೇಲೆ ಹಾಕಿದ ವಂತಿಗೆಯಿಂದ. ಆ ಕಡತಗಳಲ್ಲಿ ವರ್ಷಕ್ಕೆ ಎಷ್ಟು ಬ್ಯಾರೆಲ್ ಖರ್ಚಾಯಿತು, ಪಕ್ಕದ ಪಬ್ ಎಷ್ಟು ಗಜ ದೂರ, ಶೌಚಾಲಯ ಹೇಗಿದೆ, ಎಲ್ಲ ಇರುತ್ತೆ. ಬದುಕಿದ ಪಬ್ಬಿಗಿಂತ ಸತ್ತ ಪಬ್ಬಿನ ಚರಿತ್ರೆ ಬರೆಯುವುದೇ ಸುಲಭ! ಅದೇ ಕಾಲದ ಇನ್ನೊಂದು ನಿಧಿ 1910ರ ಆಸ್ತಿ ಮೌಲ್ಯಮಾಪನ. ಐಆರ್ 58 ಪುಸ್ತಕಗಳಲ್ಲಿ ಮಾಲೀಕ, ಬಾಡಿಗೆದಾರ, ಬಾಡಿಗೆ, ಎಷ್ಟೋ ಕಡೆ ಕೋಣೆಗಳ ವಿವರ ಸಿಗುತ್ತೆ.

ಲೆಕ್ಕಪತ್ರ

ಕೈ ಬದಲಾಗುವ ದಿನದ ಬಗ್ಗೆ ಒಂದು ಮಾತು. ಹಳಬನ ಪರ ಒಬ್ಬ, ಹೊಸಬನ ಪರ ಒಬ್ಬ ಬೆಲೆಗಾರ ಬಂದು ಮಹಜರು ಮಾಡುತ್ತಿದ್ದರು. ಬೆಂಚು, ಲೋಟ, ಸ್ಕಿಟಲ್ಸ್ ಆಟದ ಗೂಟಗಳು, ಗಡಿಯಾರ. ಮಾಳಿಗೆಗೆ ಇಳಿದು ಪೀಪಾಯಿಗೆ ಅಳತೆಕೋಲು ಅದ್ದಿ ಉಳಿದ ಬಿಯರಿಗೂ ಬೆಲೆ ಕಟ್ಟುತ್ತಿದ್ದರು. ಅಷ್ಟು ಹಣ ಹೊಸಬ ಎಣಿಸಿದರೇ ಬೀಗದ ಕೈ. ಇಂಥ ಮಹಜರು ಬ್ರೂವರಿಯ ಅಥವಾ ಹರಾಜುಗಾರರ ಕಡತದಲ್ಲಿ ಸಿಕ್ಕರೆ ಆ ದಿನ ಪಬ್ಬಿನೊಳಗೆ ಏನೇನಿತ್ತು ಅಂತ ಕೋಣೆವಾರು ಓದಬಹುದು.

ಎಡವುವ ಜಾಗ: ಲೈಸೆನ್ಸ್ ವರ್ಗಾವಣೆಯ ದಿನ ಬರುವ ತನಕ ಹೊಸಬನಿಗೆ ಕೋರ್ಟು ತಾತ್ಕಾಲಿಕ ಅಧಿಕಾರ ಕೊಡುತ್ತಿತ್ತು. ಪತ್ರಿಕೆಯಲ್ಲಿ ಅದೂ ಸುದ್ದಿ, ಕೆಲವು ವಾರ ಕಳೆದು ಪೂರ್ತಿ ವರ್ಗಾವಣೆಯೂ ಸುದ್ದಿ. ಒಂದೇ ಬದಲಾವಣೆಗೆ ಎರಡು ತಾರೀಖು.

ಕಂಬ್ರಿಯಾ_ಕನ್ನಡಿಗ

ಹೆಸರು ಉಳಿದ ಲ್ಯಾಂಡ್‌ಲಾರ್ಡ್‌ಗಳು ಹೆಚ್ಚಾಗಿ ಬಿಯರ್ ಆಚೆಗೆ ಏನಾದರೂ ಮಾಡಿದವರೇ. ಸ್ಟಿಲ್ಟನ್ ಹಳ್ಳಿಯ ಬೆಲ್ ಇನ್ ನಡೆಸುತ್ತಿದ್ದ ಕೂಪರ್ ಥಾರ್ನ್‌ಹಿಲ್ 1745ರಲ್ಲಿ ಕುದುರೆ ಬದಲಾಯಿಸುತ್ತಾ ಸ್ಟಿಲ್ಟನ್‌ನಿಂದ ಲಂಡನ್, ಅಲ್ಲಿಂದ ವಾಪಸು, ಮತ್ತೆ ಲಂಡನ್, ಒಟ್ಟು 213 ಮೈಲಿ ಓಡಿ 15 ಗಂಟೆಯ ಪಂದ್ಯ ಗೆದ್ದ. ಗ್ರೇಟ್ ನಾರ್ತ್ ರೋಡಿನ ಕೋಚ್ ಗಾಡಿಗಳಲ್ಲಿ ಬಂದವರಿಗೆ ಅವನು ಮಾರುತ್ತಿದ್ದ ಚೀಸಿಗೆ ಊರಿನ ಹೆಸರೇ ಅಂಟಿಕೊಂಡಿತು. ತಮಾಷೆ ಅಂದರೆ, ಈಗಿನ ನಿಯಮದಂತೆ ಸ್ಟಿಲ್ಟನ್ ಚೀಸ್ ಡರ್ಬಿಶೈರ್, ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್ ಮೂರರಲ್ಲೇ ಆಗಬೇಕು. ಸ್ಟಿಲ್ಟನ್ ಊರಲ್ಲಿ ಮಾಡಿದರೆ ಅದು ಸ್ಟಿಲ್ಟನ್ ಅಲ್ಲ!

ನಮ್ಮ ಕಂಬ್ರಿಯಾದ ವಾಸ್ಡೇಲ್ ಹೆಡ್‌ನ ವಿಲ್ ರಿಟ್ಸನ್ (1808–1890) ರೈತ, ಜೊತೆಗೆ ಲ್ಯಾಂಡ್‌ಲಾರ್ಡ್. ನಮ್ಮ ಕಣಿವೆಯ ಟರ್ನಿಪ್ ಎಷ್ಟು ದಪ್ಪ ಅಂದರೆ ಕುರಿಗಳು ಅದನ್ನೇ ಕೊರೆದು ಒಳಗೆ ಮಲಗುತ್ತವೆ ಅಂತ ಮುಖ ಒಂಚೂರೂ ಸಡಿಲಿಸದೆ ಹೇಳುತ್ತಿದ್ದನಂತೆ. ಅವನ ನೆನಪಿಗೆ ಸ್ಯಾಂಟನ್ ಬ್ರಿಜ್‌ನಲ್ಲಿ ಸುಳ್ಳು ಹೇಳುವ ಸ್ಪರ್ಧೆ ನಡೆಯುತ್ತೆ. ರಾಜಕಾರಣಿಗಳಿಗೂ ವಕೀಲರಿಗೂ ಪ್ರವೇಶವಿಲ್ಲ, ವೃತ್ತಿಪರರು ಅಂತ.

ನಮ್ಮ ಕಡೆಗೇ ಸೇರಿದ ಇನ್ನೊಂದು ವಿಚಿತ್ರ: ಗ್ರೆಟ್ನಾದ ಮದ್ದುಗುಂಡು ಕಾರ್ಖಾನೆಯ ಕಾರ್ಮಿಕರ ಕುಡಿತ ಹದ್ದಿನಲ್ಲಿಡಲು 1916ರಲ್ಲಿ ಸರ್ಕಾರ ಕಾರ್ಲೈಲ್ ಸುತ್ತಮುತ್ತಲಿನ ಬ್ರೂವರಿಗಳನ್ನೂ ಪಬ್‌ಗಳನ್ನೂ ಕೊಂಡುಕೊಂಡಿತು. ಮಾರಿ ಮುಗಿಸಿದ್ದು 1973ರ ಹೊತ್ತಿಗೆ. ಆ ನಡುವಿನ ‘ಲ್ಯಾಂಡ್‌ಲಾರ್ಡ್’ಗಳು ಸಂಬಳದ ಮ್ಯಾನೇಜರುಗಳು, ಬಿಯರ್ ಎಷ್ಟು ಮಾರಿದರೂ ಅವರಿಗೆ ಲಾಭವಿಲ್ಲ. ಅವರನ್ನು ಹುಡುಕಬೇಕಾದದ್ದು ಸರ್ಕಾರಿ ಕಡತದಲ್ಲಿ.

ಹಳೇಕಡತ

ಈಚಿನ ಕಾಲಕ್ಕೆ? 2005ರ ನಂತರದ ಹೆಸರುಗಳು ಬಾಗಿಲ ಮೇಲೂ ಕಾಣುವುದಿಲ್ಲ.

ಶಾಸನಪ್ರಿಯ

2003ರ ಕಾಯಿದೆ 2005ರ ನವೆಂಬರ್ 24ರಿಂದ ಜಾರಿಯಾಯಿತು. ಲೈಸೆನ್ಸ್ ಕೊಡುವ ಕೆಲಸ ಮ್ಯಾಜಿಸ್ಟ್ರೇಟರಿಂದ ಸ್ಥಳೀಯ ಕೌನ್ಸಿಲ್‌ಗೆ ಹೋಯಿತು. ಅಲ್ಲದೆ ಲೈಸೆನ್ಸೇ ಎರಡಾಯಿತು, ಜಾಗಕ್ಕೊಂದು, ವ್ಯಕ್ತಿಗೊಂದು. ಜಾಗದ ಲೈಸೆನ್ಸ್ ಕಂಪನಿಯ ಹೆಸರಲ್ಲಿರುತ್ತೆ. ನಿಮಗೆ ಬೇಕಾದದ್ದು ‘ಡಿಪಿಎಸ್’, ಅಂದರೆ ಮಾರಾಟದ ಹೊಣೆ ಹೊತ್ತ ಮೇಲ್ವಿಚಾರಕ. ಡಿಪಿಎಸ್ ಬದಲಾದಾಗೆಲ್ಲ ಅರ್ಜಿ ಕೊಡಬೇಕು, ಕೌನ್ಸಿಲ್ ರಿಜಿಸ್ಟರನ್ನು ಯಾರು ಬೇಕಾದರೂ ನೋಡಬಹುದು. ಬದುಕಿರುವವರ ಹೆಸರನ್ನು ಹಲಗೆಗೆ ಏರಿಸುವ ಮುಂಚೆ ಒಂದು ಮಾತು ಕೇಳಿ.

1989ರ ಬಿಯರ್ ಆರ್ಡರ್ಸ್ ಅನ್ನುವ ಸರ್ಕಾರಿ ಆದೇಶ ಮರೆಯಬೇಡಿ. 2,000ಕ್ಕಿಂತ ಹೆಚ್ಚು ಪಬ್ ಇದ್ದ ಬ್ರೂವರಿಗಳು ಹೆಚ್ಚುವರಿಯಲ್ಲಿ ಅರ್ಧದಷ್ಟನ್ನು 1992ರ ನವೆಂಬರ್ ಒಳಗೆ ತಮ್ಮ ಬಿಯರನ್ನೇ ಕೊಳ್ಳಬೇಕೆಂಬ ಕಟ್ಟುಪಾಡಿನಿಂದ ಬಿಡಿಸಬೇಕಾಯಿತು. ಬಹಳಷ್ಟು ಪಬ್ ಕಂಪನಿಗಳ ಪಾಲಾದವು. ಬ್ರೂವರಿ ಕಡತ ಅಲ್ಲಿಗೆ ನಿಂತುಹೋಗುತ್ತೆ, ಪಬ್ ಮುಚ್ಚಿತು ಅಂತ ತಿಳಿಯಬೇಡಿ.

ಕಂಬ್ರಿಯಾ_ಕನ್ನಡಿಗ

ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯ ಓಲ್ಡ್ ಕ್ರೌನ್‌ಗೆ ಪಟ್ಟಿ ಮಾಡುವವರ ಪಾಡು ಬೇಡ. 2003ರಲ್ಲಿ ಊರವರೂ ಅಭಿಮಾನಿಗಳೂ ಸೇರಿ ಷೇರು ಹಾಕಿ ಸಹಕಾರಿಯಾಗಿ ಕೊಂಡುಕೊಂಡರು, ಸದಸ್ಯರು ನೂರಕ್ಕೂ ಮಿಕ್ಕಿ. ಹಿಂದಿನ ಕೊಟ್ಟಿಗೆಯಲ್ಲಿ 1988ರಲ್ಲಿ ಶುರುವಾದ ಬ್ರೂವರಿಯ ಬಿಯರ್‌ಗಳಿಗೆ ಸುತ್ತಲಿನ ಬೆಟ್ಟಗಳ ಹೆಸರು. ಅಲ್ಲಿ ಪಬ್ ನಡೆಸುವವನು ಬಾಡಿಗೆದಾರ, ಮಾಲೀಕರು ಅವನ ಗಿರಾಕಿಗಳೇ.

ಪೀಪಾಯಿ

ಬಿಯರ್ ಹುಳಿಯಾದರೆ ದೂರು ಕೊಡುವವರೂ ಅವರೇ, ಬಾಡಿಗೆ ವಸೂಲಿಗೆ ಬರುವವರೂ ಅವರೇ.

ಹಳೇಕಡತ

ಸರಿ, 1872ರ ರಿಜಿಸ್ಟರಿನಿಂದ ಹಿಂದಕ್ಕೂ ಮುಂದಕ್ಕೂ ಹೋಗುವುದು ಅಂತಾಯಿತು. ಟೈದ್ ನಕ್ಷೆಯ ನಂಬರ್ ಇವತ್ತಿನ ಬಾಗಿಲಿಗೆ ತಾಳೆಯಾಗದಿದ್ದರೆ?

ದಫ್ತರಖಾನೆ

ಆರ್ಡ್‌ನನ್ಸ್ ಸರ್ವೇ ಅನ್ನುವ ಸರ್ಕಾರಿ ನಕ್ಷೆ ಇಲಾಖೆಯ, ಮೈಲಿಗೆ 25 ಇಂಚಿನ ನಕ್ಷೆಯ ಮೊದಲ ಆವೃತ್ತಿ ತೆಗೆದು ಎರಡನ್ನೂ ಒಂದರ ಮೇಲೊಂದು ಇಡಿ. ಕಟ್ಟಡದ ಆಕಾರ ನೋಡಬೇಡಿ, ಅದು ಬದಲಾಗಿರುತ್ತೆ. ರಸ್ತೆ ತಿರುವು, ಚರ್ಚಿನ ಗೋಡೆ, ಹಿತ್ತಿಲ ಬೇಲಿಯ ಗೆರೆ ಹಿಡಿದು ಅಳೆಯಿರಿ. ಆಮೇಲೂ ಕೂಡದಿದ್ದರೆ ಪಬ್ ಜಾಗ ಬದಲಿಸಿದೆ.